ಸಾಲದ ಬೋಣಿ

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಕೋದಂಡರಾಮಪ್ಪನವರದು ಮಾವಿನ ತಾಂಡ್ರದ ಅಂಗಡಿ. ಹಣ್ಣಿನ ರಸವನ್ನು ಚಾಪೆಯ ಮೇಲೆ ಸವರಿ, ಒಣಗಿಸಿ, ಅದರ ಮೇಲೆ ಮತ್ತೆ ಸವರಿ, ಹದಿನೈದು ದಿನ ಬಿಸಿಲು ಕಾದು ತಾಂಡ್ರ ಮಾಡುತ್ತಿದ್ದವರು ಅವರ ಹೆಂಡತಿ ಆದಿಲಕ್ಷ್ಮಿ. ಮಾರುವುದಷ್ಟೇ ಯಜಮಾನರ ಕೆಲಸ. ಅಷ್ಟು ಮಾಡುವುದರಲ್ಲೇ ಅವರಷ್ಟು ಹಟಮಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಪಕ್ಕದ ಮಳಿಗೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ನನಗೆ ಅದನ್ನು ದಿನಾ ನೋಡುವ ಭಾಗ್ಯ.

ಹಟವೆಲ್ಲ ಬೋಣಿಯದು. ದಿನದ ಮೊದಲ ವ್ಯಾಪಾರ ನಗದಿಗೇ ಆಗಬೇಕು. ಆ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುವವರೆಗೆ ಸಾಲದ ಗಿರಾಕಿ ಮೆಟ್ಟಿಲು ಹತ್ತುವಂತಿಲ್ಲ. ಒಂದು ಬೆಳಿಗ್ಗೆ ಸ್ವಂತ ಬಾಮೈದನೇ ಬಂದು "ದುಡ್ಡು ಸಾಯಂಕಾಲ ಕೊಡ್ತೀನಿ ಬಾವಾ" ಅಂದಾಗ, ಬೇರೊಬ್ಬರು ಬಂದು ಬೋಣಿ ಮಾಡುವವರೆಗೆ ಅವನನ್ನು ರಸ್ತೆಯಲ್ಲೇ ನಿಲ್ಲಿಸಿದ್ದರು.

ಎರಡು ಸಾವಿರದ ಎಂಟನೇ ಇಸವಿಯ ಬೇಸಿಗೆಯಲ್ಲಿ ಆಂಧ್ರದ ಕಡೆಯಿಂದ ಒಬ್ಬ ದೊಡ್ಡ ವ್ಯಾಪಾರಿ ಬಂದ. ವರ್ಷದ ಮಾಲನ್ನೆಲ್ಲ ತಾನೇ ಕೊಳ್ಳುತ್ತೇನೆ, ಡಬ್ಬಿಯ ಮೇಲೆ ಮಾತ್ರ ತನ್ನ ಹೆಸರಿರುತ್ತದೆ ಎಂದ. ಯಜಮಾನರು ಒಪ್ಪಿದ್ದರಿಂದ, ಭಾನುವಾರ ಅಡ್ವಾನ್ಸ್ ತರುತ್ತೇನೆಂದು ಹೇಳಿ ಹೋದ. ಅವನು ಬಂದುಹೋದ ಮಧ್ಯಾಹ್ನವೇ ಆದಿಲಕ್ಷ್ಮಿಯಕ್ಕ ಮೊದಲ ಸಲ ನನ್ನ ಸೆಂಟರಿಗೆ ಬಂದರು.

"ಶ್ರೀಕೃಷ್ಣಾ, ಇಪ್ಪತ್ತೆಂಟು ವರ್ಷದಿಂದ ನನ್ ಕೈಯಾರೆ ಮಾಡಿದ್ದಪ್ಪ. ಬೇರೆಯೋರ ಹೆಸರಲ್ಲಿ ಹೋಗೋದಂದ್ರೆ ಹೊಟ್ಟೆ ಉರೀತದೆ. ಕಂಪ್ಯೂಟರಲ್ಲಿ ಊರೂರಿಗೆ ಮಾರ್ತಾರಂತಲ್ಲ, ಅದೇನೋ ಮಾಡಿಕೊಡು."

ನಾಲ್ಕೇ ದಿನದಲ್ಲಿ ವೆಬ್‌ಸೈಟು ಮಾಡಿದೆ. ಹೆಸರು 'ಆದಿಲಕ್ಷ್ಮಿ ತಾಂಡ್ರ'. ದೂರದ ಗಿರಾಕಿಯ ದುಡ್ಡು ಬರಲು ಒಂದು ದಾರಿ ಮಾಡುವುದು ಮಾತ್ರ ಬಾಕಿ ಇತ್ತು. ಗಿರಾಕಿ ಕಂಪ್ಯೂಟರಿನಲ್ಲಿ ಕಟ್ಟಿದ ದುಡ್ಡನ್ನು ಅಂಗಡಿಗೆ ತಲುಪಿಸುವ ಮೂರು ಕಂಪನಿಗಳ ಷರತ್ತುಗಳನ್ನು ಪ್ರಿಂಟ್ ತೆಗೆದು ಯಜಮಾನರ ಮುಂದಿಟ್ಟೆ. ಒಂದಕ್ಕೆ ಸೇರುವಾಗಲೇ ಹತ್ತು ಸಾವಿರ ಕಟ್ಟಬೇಕು. ಇನ್ನೊಂದು ಬ್ಯಾಂಕಿನದು, ದೊಡ್ಡ ಠೇವಣಿ ಕೇಳುತ್ತಿತ್ತು. ಮೂರನೆಯದಕ್ಕೆ ಸೇರಲು ಏನೂ ಬೇಡ, ಮಾರಿದ ನೂರು ರೂಪಾಯಿಗೆ ಐದು ಹಿಡಿದುಕೊಳ್ಳುತ್ತಿತ್ತು. ವ್ಯಾಪಾರ ಆಗದಿದ್ದರೆ ಕೈಯಿಂದ ಬಿಡಿಗಾಸೂ ಹೋಗುವುದಿಲ್ಲ, ಸಣ್ಣ ಅಂಗಡಿಗೆ ಇದೇ ಸರಿ ಎಂದೆ.

ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಹಾಕಿದರು. "ಗಿರಾಕಿ ಕೊಟ್ಟ ದುಡ್ಡು ನಮ್ ಕೈಗೆ ಯಾವಾಗ ಬರ್ತದೆ?"

"ಮೂರು ದಿನಕ್ಕೆ ಅಣ್ಣಾ. ಉಳಿದೆರಡರಲ್ಲಿ ಇನ್ನೂ ತಡ."

"ಹಂಗಾದ್ರೆ ಅದು ಸಾಲ. ರಾತ್ರಿ ಯಾವನೋ ಕೊಂಡಿರ್ತಾನೆ, ಬೆಳಿಗ್ಗೆ ಬಾಗಿಲು ತೆಗೆದ್ರೆ ಸಾಲದ ಬೋಣಿ ಕಾದು ಕೂತಿರ್ತದೆ. ಬ್ಯಾಡ್ವೇ ಬ್ಯಾಡ."

ಗಂಟಲು ಒಣಗುವಷ್ಟು ವಾದ ಮಾಡಿದೆ. ಕೊನೆಗೆ ಪಿತ್ತ ನೆತ್ತಿಗೇರಿ, "ನಿಮ್ ಬೋಣೀನೇ ಕಟ್ಕೊಂಡು ಕೂತ್ಕೊಳ್ಳಿ, ಅಕ್ಕನ ಹೆಸರು ಏನಾದ್ರೂ ಆಗ್ಲಿ" ಎಂದು ಬೈದೇಬಿಟ್ಟೆ. ಹಿರಿಯರಿಗೆ ಹಾಗೆ ಅನ್ನಬಾರದಿತ್ತು. ಅಕ್ಕ ಒಳಬಾಗಿಲಲ್ಲೇ ನಿಂತಿದ್ದರು.

ಶನಿವಾರ ಬೆಳಿಗ್ಗೆ ಕೊನೆಯ ಸಲ ಕೇಳಿ ನೋಡೋಣವೆಂದು ಆ ಮೂರನೇ ಕಂಪನಿಗೆ ಸೇರುವ ಫಾರಂ ಹಿಡಿದು ಹೋದೆ. ಯಜಮಾನರು ಆಗಷ್ಟೇ ಊದುಬತ್ತಿ ಹಚ್ಚಿ ಕೂತಿದ್ದರು. ಯಾವಾಗಲೂ ಹಿಂಬಾಗಿಲಿಂದ ಮಾಲು ತಂದಿಟ್ಟು ಹೋಗುತ್ತಿದ್ದ ಅಕ್ಕ, ಅಂದು ರಸ್ತೆಗೆ ಬಂದು ಮುಂದಿನ ಮೆಟ್ಟಿಲು ಹತ್ತಿದರು. ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ನಾಣ್ಯ ಮುಂದಿಟ್ಟರು.

"ಒಂದು ತಾಂಡ್ರ ಕೊಡಿ."

"ಏನೇ ಇದು? ಮನೆ ತುಂಬಾ ಅದೇ ಇದೆ."

"ಬೋಣಿಗೆ ಬಂದಿದ್ದೀನಿ. ನಗದು. ದಿನಾ ನಾನೇ ಬರ್ತೀನಿ. ಕಂಪ್ಯೂಟರಿಂದು ಎರಡ್ನೇ ವ್ಯಾಪಾರ ಆಗ್ಲಿ."

ಯಜಮಾನರು ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ನಗದು ಬೋಣಿ, ಅವರ ಕಾನೂನಿಗೆ ಸರಿಯಾಗಿಯೇ ಇತ್ತು. ನನಗೋ ಕುಣಿಯುವಷ್ಟು ಖುಷಿ. ಅವರು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದರು. ಒಂದು ಚೌಕವನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾ, ಹೊಸ ಗಿರಾಕಿಗಳನ್ನು ಕೇಳುವಂತೆಯೇ ತಮಾಷೆಗೆ ಕೇಳಿದರು: "ನಮ್ ಅಂಗಡೀದು ಮುಂಚೆ ತಿಂದಿದ್ದೀರಾ, ಅಮ್ಮಾ?"

"ಅಂಚು ತಿಂದಿದ್ದೀನಿ" ಎಂದರು ಅಕ್ಕ, ನಗುತ್ತಲೇ. "ಚೌಕ ಕತ್ತರಿಸಿದ ಮೇಲೆ ಉಳೀತದಲ್ಲ, ಅದು. ಇಡೀದು ತಿಂದಿಲ್ಲ. ಮಾರೋ ಮಾಲಲ್ವಾ?"

ಯಜಮಾನರ ನಗು ಅಲ್ಲೇ ನಿಂತಿತು. ಗಾದಿಯಿಂದ ಎದ್ದು, ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲನ್ನು ಟವಲಿನಿಂದ ಒರೆಸಿ, "ಕೂತ್ಕೊಂಡು ತಿನ್ನು" ಎಂದರು.

ಅಕ್ಕ ನಿಧಾನವಾಗಿ ತಿಂದರು. ಅಷ್ಟರಲ್ಲಿ ಬಂದ ಇಬ್ಬರು ಗಿರಾಕಿಗಳಿಗೆ ಯಜಮಾನರು ಕೈಸನ್ನೆಯಲ್ಲೇ ಸ್ವಲ್ಪ ನಿಲ್ಲಲು ಹೇಳಿದರು. ಕೊನೆಯ ತುಂಡು ಮುಗಿದ ಮೇಲೆ ನನ್ನ ಕಡೆ ಕೈ ಚಾಚಿ ಫಾರಂ ಕೇಳಿದರು.