ಅಪ್ಪನ ಹಿಂದೆ ಇದ್ದ ಬಾಗಿಲು

ಬೀದರಿನಲ್ಲಿ ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋಕ್ಕೆ ಮದುವೆಗಿಂತ ಸಾವಿನ ಗಿರಾಕಿಗಳೇ ಹೆಚ್ಚು. ಮದುವೆಯ ಫೋಟೋ ಈಗ ಎಲ್ಲರೂ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಗೋಡೆಗೆ ದೊಡ್ಡ ಫೋಟೋ ಬೇಕು, ಅದೂ ಮೂರು ದಿನದೊಳಗೆ ಬೇಕು. ಟ್ರಂಕು ಹುಡುಕಿ ಏನು ಸಿಗುತ್ತದೋ ಅದನ್ನು ತರುತ್ತಾರೆ. ಯಾರದೋ ಮದುವೆಯ ಗುಂಪಿನಲ್ಲಿ ನಿಂತದ್ದು, ಎತ್ತಿನ ಪಕ್ಕ ನಿಂತದ್ದು, ಏನೂ ಇಲ್ಲದಿದ್ದರೆ ರೇಷನ್ ಕಾರ್ಡು. ನಾನು ಅದನ್ನು ಸ್ಕ್ಯಾನ್ ಮಾಡಿ, ಮುಖದ ಸುತ್ತ ಮೌಸ್ ಓಡಿಸಿ, ಉಳಿದದ್ದನ್ನೆಲ್ಲ ಅಳಿಸಿಬಿಡುತ್ತೇನೆ. ಹಿಂದೆ ನೀಲಿ ಬಣ್ಣ ತುಂಬುತ್ತೇನೆ. ತಲೆಯ ಸುತ್ತ ಒಂದಿಷ್ಟು ಬೆಳಕು. ಹಣೆಗೆ ವಿಭೂತಿ. ಮೈಗೆ ಕೋಟು. ಕೋಟು ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ, ಕರಿಯದೊಂದು, ಬೂದಿ ಬಣ್ಣದ್ದೊಂದು. ಕೋಟನ್ನು ಕಣ್ಣಿಂದಲೂ ಕಾಣದೆ ಸತ್ತ ನಮ್ಮ ಸುತ್ತಲಿನ ಹಳ್ಳಿಯ ಮುದುಕರೆಲ್ಲ ಗೋಡೆಯ ಮೇಲೆ ನನ್ನ ಎರಡು ಕೋಟುಗಳಲ್ಲೇ ಕೂತಿದ್ದಾರೆ.

ಇನ್ನೊಂದು ನಿಯಮ ಇದೆ. ಸತ್ತವರ ಫೋಟೋದಲ್ಲಿ ಬದುಕಿರುವವರು ಇರಬಾರದು. ಹಾರ ಹಾಕುವ ಫೋಟೋ ಅದು. ಬದುಕಿದವರ ಮೇಲೆ ಆ ಹಾರ ಬಿದ್ದರೆ ಕೆಟ್ಟದ್ದು ಎನ್ನುತ್ತಾರೆ. ಸತ್ತವರ ಹೆಗಲ ಮೇಲೆ ಯಾರದೋ ಕೈ ಇದ್ದರೆ ಆ ಕೈಯನ್ನೂ ಅಳಿಸುತ್ತೇನೆ.

ಈಚೆಗೆ ಬೇರೆ ತರಹದ ಗಿರಾಕಿಗಳೂ ಬರುತ್ತಾರೆ. ಹಳೆಯ ಊರಿನ ಫೋಟೋ ಹಿಡಿದು ಬರುವವರು. ಸುತ್ತ ಜನ ಇಲ್ಲದ ಚೌಬಾರಾ ಗೋಪುರ, ಉಗಿಬಂಡಿ ನಿಂತ ಭಾಲ್ಕಿ ಸ್ಟೇಷನ್, ಔರಾದದ ಹಳೆಯ ಸಂತೆ. ಸ್ಕ್ಯಾನ್ ಮಾಡಿಸಿಕೊಂಡು ಅದನ್ನು ಒಂದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಸ್ಟುಡಿಯೋ ಮಾಲಕರು ನನ್ನನ್ನೂ ಆ ಗುಂಪಿಗೆ ಸೇರಿಸಿದ್ದರು. ಒಂದು ಫೋಟೋ ಬಂದರೆ ಸಾಕು, ಕೆಳಗೆ ಸಾಲು ಸಾಲು ನಿಟ್ಟುಸಿರು. ಆ ದಿನಗಳು ಹೋದವು, ಆ ಬೀದರ ಹೋಯಿತು. ನನಗೆ ರೇಗುತ್ತಿತ್ತು. ಚೌಬಾರಾ ಎಲ್ಲಿಗೂ ಹೋಗಿಲ್ಲ. ಸ್ಟುಡಿಯೋ ಇರುವ ನೌಬಾದದಿಂದ ಒಂದು ಆಟೋ ಹತ್ತಿದರೆ ಕಣ್ಣೆದುರಿಗೇ ನಿಂತಿರುತ್ತದೆ. ಇರುವುದಕ್ಕೆ ಇಷ್ಟು ಅಳುವುದು ಯಾಕೆ ಎಂದುಕೊಳ್ಳುತ್ತಿದ್ದೆ. ಅವ್ವ ಬರುವವರೆಗೆ ಹಾಗೇ ಅಂದುಕೊಂಡಿದ್ದೆ.

ಅವ್ವ ಬಂದದ್ದು ಕಣ್ಣಿನ ಪೊರೆ ತೆಗೆಸಲು. ಔರಾದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಣ್ಣನ ಜೊತೆ ಇರುತ್ತಾಳೆ. ಎಷ್ಟೋ ವರ್ಷದಿಂದ ಅವಳಿಗೆ ಎಲ್ಲವೂ ಹೊಗೆಯೊಳಗೆ ಕಂಡ ಹಾಗೆ ಕಾಣುತ್ತಿತ್ತು. ಎರಡೂ ಕಣ್ಣಿನ ಆಪರೇಷನ್ ಮುಗಿಯುವವರೆಗೆ ಬೀದರಿನ ಚಿದ್ರಿಯ ನನ್ನ ಬಾಡಿಗೆ ಕೋಣೆಯಲ್ಲೇ ಉಳಿದಳು. ಕರಿ ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಮುಂಜಾನೆ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು.

"ಇಷ್ಟ್ ಹೊಲಸ ಮನ್ಯಾಗ ಇರ್ತಿದ್ದಿ ಏನ್ಲೇ ನೀ? ಕುರಿ ಹಟ್ಟಿ ಭೀ ಇದಕಿಂತ ಛಲೋ ಇರ್ತದ," ಎಂದಳು.

ಆಮೇಲೆ ಗೋಡೆಯ ಮೇಲಿನ ಫೋಟೋದ ಹತ್ತಿರ ಹೋದಳು. ಅಪ್ಪ ತೀರಿಕೊಂಡು ಆರು ವರ್ಷ. ಆಗ ನಾನೇ ಮಾಡಿದ ಫೋಟೋ ಅದು. ಒಂದು ಅಣ್ಣನ ಮನೆಯಲ್ಲಿದೆ, ಒಂದು ನನ್ನಲ್ಲಿ. ಹಬ್ಬಕ್ಕೊಮ್ಮೆ ಅವ್ವ ಅಣ್ಣನ ಮನೆಯ ಫೋಟೋವನ್ನು ಕೈಯಿಂದ ತಡವಿ ಹಾರ ಹಾಕುತ್ತಿದ್ದಳು. ಸರಿಯಾಗಿ ನೋಡಿದ್ದು ಅವತ್ತೇ ಮೊದಲು.

"ಇಂವ ಯಾರ್ಲೇ?"

"ಯಾರಂದ್ರ? ಅಪ್ಪ."

"ನಿಮ್ಮಪ್ಪಗ ಕೋಟ್ ಯಾರ ಹೊಲಿಸಿಕೊಟ್ರು? ಲಗ್ನದಾಗ ಭೀ ಹಾಕಿದ್ದಿಲ್ಲ."

"ಎಲ್ಲಾರಿಗೂ ಹಾಕ್ತೀವಿ, ಅವ್ವಾ."

"ಬಗಲಾಗ ಕುರಿ ಮರಿ ಹಿಡ್ಕೊಂಡಿದ್ದ. ಅದೆಲ್ಲಿ?"

"ತಗದೀನಿ."

"ಹಿಂದ ಬಾಗಲಾ?"

ನಾನು ಫೋಟೋದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದೆ.

"ಬಾಗಲಾಗ ನಾ ನಿಂತಿದ್ದಿನಿ. ನಂಗೂ ತಗದಿ?"

"ಜೀವಂತ ಇದ್ದವರಿಗಿ ಇಡಬಾರ್ದು, ಅವ್ವಾ. ನಿಂಗ್ ಗೊತ್ತದಲ್ಲ."

"ಅದ ಗೊತ್ತದ. ಗ್ವಾಡಿ ಮ್ಯಾಲ ಇಡಬ್ಯಾಡ. ಅಸಲಿ ಫೋಟೋ ಇರ್ಬೇಕಲ್ಲ, ಟ್ರಂಕಿನ್ಯಾಗಿಂದು? ಅದ ತೋರಸು. ಈಗ ಕಣ್ಣು ಬಂದಾವ, ಒಂದ್ಸಲ ನೋಡ್ತಿನಿ."

ಅಸಲಿ ಇರಲಿಲ್ಲ. ನಡೆದದ್ದು ಹೀಗೆ. ಆ ಫೋಟೋ ಹಳೆಯ ಫ್ರೇಮಿನ ಗಾಜಿಗೆ ಅಂಟಿಕೊಂಡಿತ್ತು. ಅಪ್ಪ ಸತ್ತ ಮರುದಿನ ಸ್ಟುಡಿಯೋದಲ್ಲಿ ಅದನ್ನು ಬಿಡಿಸುವಾಗ ನಡುವೆ ಹರಿಯಿತು. ಮುಖ ಉಳಿದಿತ್ತು. ನನಗೆ ಬೇಕಾದದ್ದು ಅಷ್ಟೇ. ಸ್ಕ್ಯಾನ್ ಮಾಡಿದೆ, ಸುತ್ತಲಿನದ್ದನ್ನು ಅಳಿಸಿದೆ, ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಮೊದಲಿನ ಸ್ಕ್ಯಾನ್ ಅಲ್ಲಿಗೇ ಅಳಿಸಿಹೋಯಿತು. ಹರಿದ ತುಂಡುಗಳು ಕೈಯಲ್ಲಿದ್ದವು. ಸತ್ತವರ ಹರಿದ ಫೋಟೋ ಮನೆಯಲ್ಲಿ ಇಡಬಾರದು, ಒಡೆದ ದೇವರ ಪಟದ ಹಾಗೆ ಅದನ್ನೂ ನೀರಿಗೆ ಬಿಡಬೇಕು ಎನ್ನುವುದು ನಮ್ಮಲ್ಲಿಯ ಪದ್ಧತಿ. ಊರಿಗೆ ಹೋಗುವಾಗ ಔರಾದ ರಸ್ತೆಯ ಮಾಂಜ್ರಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಕೈ ಮುಗಿದು, ತುಂಡುಗಳನ್ನು ನೀರಿಗೆ ಬಿಟ್ಟೆ. ಸರಿಯಾದ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಹಳೆಯ ಮನೆ, ಆ ಬಾಗಿಲು, ಅವ್ವನ ಹರೆಯ, ಎಲ್ಲಕ್ಕೂ ಇದ್ದದ್ದು ಅದೊಂದೇ ಕಾಗದ ಎಂದು ಒಂದು ಗಳಿಗೆಯೂ ಹೊಳೆಯಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಅಳಲಿಲ್ಲ.

"ಊರ ಮಂದಿ ಮನಿ ಅಳಸಿ ಅಳಸಿ ರೂಢಿ ಬಿತ್ತು. ನಮ್ಮ ಮನಿ ಭೀ ಅಳಸಿದಿ. ಛಲೋ ನೌಕ್ರಿ ಹಿಡ್ದಿ, ತಮ್ಮಾ," ಎಂದಳು. ಅಪ್ಪನ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿದಳು. "ಆಯ್ತವಾರ ಮಧ್ಯಾಹ್ನದ ಬಸ್ಸಿಗಿ ಊರಿಗಿ ಹೋಗ್ತಿನಿ."

ರವಿವಾರಕ್ಕೆ ನಾಲ್ಕು ದಿನ ಉಳಿದಿತ್ತು.

ಆ ಮನೆಯನ್ನು ನಾವೇ ಕೆಡವಿದ್ದು. ನನಗೆ ಹತ್ತು ವರ್ಷ ಆಗ. ಕರಿ ಕಲ್ಲಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಗಿ. ಮಳೆಗಾಲದಲ್ಲಿ ಸೋರುವ ಕಡೆಯೆಲ್ಲ ಪಾತ್ರೆ ಇಟ್ಟು ಸಾಕಾಗಿ, ಸ್ಲ್ಯಾಬಿನ ಮನೆ ಬೇಕೆಂದು ಹಠ ಮಾಡಿದವಳು ಅವ್ವನೇ. ಕೆಡವಿದ ದಿನ ಎಲ್ಲರಿಗೂ ಸಿಹಿ ಮಾಡಿ ಹಾಕಿದ್ದಳು. ಯಾರಿಗೂ ದುಃಖ ಇರಲಿಲ್ಲ. ಆದರೆ ನನ್ನ ಕಾಲಿಗೆ ಆ ಹೊಸ್ತಿಲು ಇನ್ನೂ ಗೊತ್ತಿದೆ. ನಡುವೆ ಸವೆದು ತಗ್ಗಾಗಿತ್ತು, ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು. ಬಾಗಿಲ ಬಲಕ್ಕೆ ದೀಪ ಇಡುವ ಗೂಡು. ಅದರ ಮೇಲೆ ಮಸಿ ಹತ್ತಿ ನಾಲಿಗೆಯಂತೆ ಒಂದು ಕಪ್ಪು ಕಲೆ. ಎಡಕ್ಕೆ ಕುರಿ ಮರಿ ಕಟ್ಟುವ ಗೂಟ. ಅಪ್ಪ ಕುರಿ ಮೇಯಿಸಿಕೊಂಡು ಸಂಜೆ ಬಂದರೆ ಕಂಬಳಿಯ ವಾಸನೆ ಮೊದಲು ಒಳಗೆ ಬರುತ್ತಿತ್ತು, ಆಮೇಲೆ ಅಪ್ಪ. ಸ್ಲ್ಯಾಬಿನ ಮನೆ ಗಟ್ಟಿಯಾಗಿದೆ, ಸೋರುವುದಿಲ್ಲ. ಆದರೆ ಅಲ್ಲಿ ಹೋಗಿ ನಿಂತರೆ ನನಗೆ ಯಾವುದೂ ನೆನಪಾಗುವುದಿಲ್ಲ.

ಮರುದಿನ ಸ್ಟುಡಿಯೋದ ಕಂಪ್ಯೂಟರನ್ನೆಲ್ಲ ಜಾಲಾಡಿದೆ. ಅಪ್ಪನ ಹಿಂದೆ ನೀಲಿ ಬಿಟ್ಟರೆ ಏನೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋಗಳನ್ನು ಮೊದಲಿನಿಂದ ಒಂದೊಂದೇ ನೋಡಿದೆ. ನಿಟ್ಟುಸಿರು ಬಿಟ್ಟವರ ಮೇಲೆ ಈಗ ರೇಗಲಿಲ್ಲ. ಆದರೆ ಕುರಿಗಾರರ ಓಣಿಯ ಫೋಟೋ ಯಾರು ಹಾಕುತ್ತಾರೆ?

ಸಂಜೆ ಅವ್ವನನ್ನು ಕೇಳಿದೆ. "ಆ ಫೋಟೋ ತಗದವ್ರು ಯಾರು?"

"ಭಾಲ್ಕಿಂದ ಬಂದಿದ್ದ ಒಬ್ಬ. ಬಾಜು ಮನಿ ಲಗ್ನಕ್ಕ. ರೋಲಿನ್ಯಾಗ ಒಂದೇ ಫೋಟೋ ಉಳದದ, ಯಾರಿಗಾರ ತಗೀತಿನಿ ಅಂದ. ಅಷ್ಟರಾಗ ನಿಮ್ಮಪ್ಪ ಮರಿ ಎತ್ಕೊಂಡ. ನಂಗ ಬಾ ಅಂತ ಕರದ." ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ತಲೆ ಹಿಂದಕ್ಕೆ ಒರಗಿಸಿ ಹೇಳಿದಳು, "ನಂದು ಹರೇದಾಗಿಂದು ಅದೊಂದೇ ಫೋಟೋ ಇತ್ತು. ಇಪ್ಪತ್ತು ವರ್ಷದಾಕಿ ಹ್ಯಾಂಗ ಇದ್ದಿನಿ, ನಂಗೇ ನೆನಪಿಲ್ಲ."

ಶನಿವಾರ ರಜೆ ಹಾಕಿ ಭಾಲ್ಕಿಗೆ ರೈಲು ಹತ್ತಿದೆ. ಸ್ಟೇಷನ್ ಕಡೆಯ ಅಂಗಡಿಗಳಲ್ಲಿ ಕೇಳುತ್ತ ಹೋದೆ. ಹಳೆಯ ಫೋಟೋಗ್ರಾಫರು ಇನ್ನೂ ಇದ್ದರು. ಅಂಗಡಿ ಈಗ ಜೆರಾಕ್ಸ್ ಅಂಗಡಿ. ಮಗ ಮುಂದೆ ಕೂತಿದ್ದ, ಮುದುಕರು ಒಳಗೆ ಖುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಊರಿನ ಹೆಸರು ಹೇಳಿ, ವಿಷಯ ಹೇಳಿದೆ.

"ಕಂಬಳಿ ಹೊತ್ತಾರ್ರಿ, ಬಗಲಾಗ ಕುರಿ ಮರಿ. ಹಿಂದ ಬಾಗಲಾಗ ಹೆಣ್ಮಗಳು."

"ತಮ್ಮಾ, ನಿಮ್ಮ ಕಡಿ ಕುರಿ ಮರಿ ಹಿಡ್ಕೊಂಡು ನಿಂತವ್ರು ಒಬ್ಬಿಬ್ರೇನು? ಮಂದಿಗಿಂತ ಕುರಿದೇ ಜಾಸ್ತಿ ಫೋಟೋ ತಗದೀನಿ ನಾ." ನಕ್ಕರು. "ನೀ ಏನ್ ಮಾಡ್ತಿ?"

"ಬೀದರದಾಗ ಸ್ಟುಡಿಯೋದಾಗ ಕೆಲಸ ಮಾಡ್ತಿನ್ರಿ, ಕಾಕಾ."

"ಸ್ಟುಡಿಯೋದಾಗ ಕೆಲಸ ಮಾಡಿ ಒಂದ ಕಾಪಿ ಇಟ್ಟಿಲ್ಲ?"

"ಇಟ್ಟಿಲ್ರಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನಾವೇನು ಶಾಣ್ಯಾರಲ್ಲ ಬಿಡು. ಲಗ್ನಕ್ಕ ಹೋದ್ರ ಹಿಂದ ಪಡದಾ ಕಟ್ಟೇ ಫೋಟೋ ತಗೀತಿದ್ವಿ. ಪಡದಾದ ಮ್ಯಾಲ ಹೂವಿನ ಬಾಗ, ಕಾರಂಜಿ, ಮಹಲ. ಮಣ್ಣಿನ ಮನಿ ಕಾಣಬಾರ್ದು ಅಂತ ಮಂದಿನೇ ಹೇಳ್ತಿದ್ರು. ನೀವು ಅಳಸ್ತೀರಿ, ನಾವು ಮುಚ್ತಿದ್ವಿ."

ನೆಗೆಟಿವ್ ಕೇಳಿದೆ. ಮಗನಿಗೆ ಹೇಳಿ ಒಂದು ಡಬ್ಬಿ ತರಿಸಿದರು. ಒಂದು ಮಳೆಗಾಲದಲ್ಲಿ ಅಂಗಡಿಗೆ ನೀರು ನುಗ್ಗಿ ರೋಲುಗಳೆಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಹೆಂಟೆಯಂತಾಗಿದ್ದವು. ಬಿಡಿಸಲು ಹೋದರೆ ಪುಡಿ. ನಾನು ಎದ್ದು ನಿಂತೆ.

"ನಿಂದ್ರು," ಎಂದರು. "ಮಂದಿ ಒಯ್ಯಲಾರದ ಫೋಟೋ ಅಟ್ಟದ ಮ್ಯಾಲ ಅವ. ತೆಗಿ ಅಂತಾರ, ತಗಸ್ಕೋತಾರ, ಒಯ್ಯಲಾಕ ಬರಂಗಿಲ್ಲ. ನಿನ್ನವು ಇರ್ತಾವಂತ ಹೇಳಂಗಿಲ್ಲ. ನೋಡು."

ತಗಡಿನ ಪೆಟ್ಟಿಗೆ. ಒಳಗೆ ಲಕೋಟೆಗಳು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಊರಿನ ಹೆಸರು. ನೆಲದ ಮೇಲೆ ಕೂತು ಒಂದೊಂದಾಗಿ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಊರಿನ ಲಕೋಟೆ ಸಿಕ್ಕಿತು. ಒಂಬತ್ತು ಫೋಟೋ, ಬಣ್ಣ ಹೋಗಿ ಎಲ್ಲ ಕೆಂಪಾಗಿದ್ದವು. ಬಾಜು ಮನೆಯ ಮದುವೆಯೇ. ಅಪ್ಪನ ಫೋಟೋ ಇರಲಿಲ್ಲ. ಅದನ್ನು ಅಪ್ಪ ಒಯ್ದಿದ್ದ, ನಾನು ನೀರಿಗೆ ಹಾಕಿದ್ದೆ.

ಎಂಟು ಫೋಟೋಗಳಲ್ಲಿ ಹಿಂದೆ ಪರದೆ ಇತ್ತು. ಒಂಬತ್ತನೆಯದರಲ್ಲಿ ಪರದೆಯ ಒಂದು ತುದಿ ಗಾಳಿಗೆ ಎದ್ದು ಮಡಚಿಕೊಂಡಿತ್ತು. ಬಾಸಿಂಗ ಕಟ್ಟಿದ ಮದುಮಗ, ಪಕ್ಕದಲ್ಲಿ ನಾಲ್ಕು ಜನ. ಮದುಮಗನ ಎಡ ಹೆಗಲಿನ ಆಚೆ, ಎದ್ದ ಪರದೆಯ ಸಂದಿಯಲ್ಲಿ, ಉಗುರಿನಷ್ಟು ಜಾಗದಲ್ಲಿ ಒಂದು ಬಾಗಿಲು. ಬಲಕ್ಕೆ ಗೂಡು. ಗೂಡಿನ ಮೇಲೆ ನಾಲಿಗೆಯಂತೆ ಕಪ್ಪು ಕಲೆ. ಎಡಕ್ಕೆ ಗೂಟಕ್ಕೆ ಕಟ್ಟಿದ ಬಿಳಿ ಮರಿ. ಗಿರಾಕಿ ಈ ಫೋಟೋ ತಂದಿದ್ದರೆ ನಾನು ಮೊದಲು ಅಳಿಸುತ್ತಿದ್ದದ್ದು ಆ ಮೂಲೆಯನ್ನೇ.

"ಸಿಕ್ತೇನು?" ಎಂದರು.

"ಮನಿ ಸಿಕ್ತ್ರಿ, ಕಾಕಾ."

"ಒಯ್ಯಿ. ಇಷ್ಟ್ ವರ್ಷದ ಮ್ಯಾಲ ಒಬ್ಬರ ಬಂದ್ರಲ್ಲ ಒಯ್ಯಲಾಕ."

ಬೀದರಿಗೆ ಬಂದವನೇ ಮೊದಲು ಸ್ಟುಡಿಯೋಕ್ಕೆ ಹೋದೆ. ಪೂರಾ ಫೋಟೋ ಸ್ಕ್ಯಾನ್ ಮಾಡಿದೆ. ಮೊಬೈಲೂ ಸೇರಿ ಮೂರು ಕಡೆ ಸೇವ್ ಮಾಡಿದೆ. ಯಾವುದನ್ನೂ ಮುಟ್ಟಲಿಲ್ಲ, ಕೆಂಪನ್ನೂ ಸರಿ ಮಾಡಲಿಲ್ಲ. ಅದರಲ್ಲಿ ಅವ್ವ ಇಲ್ಲ ಎನ್ನುವುದು ನನಗೆ ಗೊತ್ತಿತ್ತು. ಅವಳು ಕೇಳಿದ್ದು ತನ್ನ ಫೋಟೋವನ್ನು. ಅದಕ್ಕೇ ಅವತ್ತು ತೋರಿಸಲು ಧೈರ್ಯ ಬರಲಿಲ್ಲ.

ರವಿವಾರ ಅವ್ವ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಳು. ಮೊಬೈಲು ಅವಳ ಕೈಗೆ ಕೊಟ್ಟೆ. ಚೀಲದ ಪಕ್ಕ ಕೂತು, ಹೊಸ ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಅಯ್ಯ, ಇಂವ ಬಾಜು ಮನ್ಯಾಂವ! ಮದಿಮಗ ಆಗ್ಯಾನ ನೋಡು, ಹ್ಯಾಂಗ ಬೀಗ್ಯಾನ. ಈಗ ತಲ್ಯಾಗ ಒಂದ ಕೂದಲಿಲ್ಲ. ಇಕಿ ಅವನ ಅಕ್ಕ, ಜಗಳಗಂಟಿ..."

"ಹಿಂದ ನೋಡು, ಅವ್ವಾ. ಹೆಗಲ ಬಾಜು."

ನೋಡುತ್ತಲೇ ಇದ್ದಳು.

"ಮರಿ ಅದೇ," ಎಂದಳು. "ಅದೇ ದಿನ."

"ನೀ ಇಲ್ಲ ಅದ್ರಾಗ, ಅವ್ವಾ. ನಿಂದು ಸಿಗಲಿಲ್ಲ."

"ಯಾಕ ಇಲ್ಲ? ಬಾಗಲಾ ತೆರದದ ನೋಡಲ್ಲಿ. ನಾ ಒಳಗ ಇದ್ದಿನಿ. ರೊಟ್ಟಿ ಬಡೀಲತ್ತಿದ್ದಿನಿ. ಆಮ್ಯಾಲ ನಿಮ್ಮಪ್ಪ ಕರದ, ಕೈ ಒರಸ್ಕೊಂಡು ಹೊರಗ ಬಂದಿನಿ." ಮೊಬೈಲು ನನ್ನ ಕಡೆ ಹಿಡಿದಳು. "ಜರಾ ದೊಡ್ಡದ ಮಾಡು."

ಎರಡು ಬೆರಳಿಂದ ಎಳೆದೆ. ಮದುಮಗ ಹೋದ, ಪರದೆ ಹೋಯಿತು. ಬಾಗಿಲಷ್ಟೇ ಉಳಿಯಿತು.

"ಇನ್ನಾ."

ಬಾಗಿಲ ಒಳಗಿನ ಕಪ್ಪು ಉಳಿಯಿತು. ಇನ್ನು ಎಳೆದರೆ ಚೌಕ ಚೌಕ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ನನಗೆ ಗೊತ್ತು. ದಿನಾ ಮಾಡುವ ಕೆಲಸ.

"ಇನ್ನಾ ಮಾಡ್ಲೇ."

ಎಳೆದೆ. ಅವ್ವ ಮುಖ ಹತ್ತಿರ ತಂದಳು. ಬಸ್ಸಿನ ಹೊತ್ತಾಗಿತ್ತು. ಅವಳು ಏಳಲಿಲ್ಲ. ನಾನೂ ನೆನಪಿಸಲಿಲ್ಲ.