ನಾಹೀದಾ ಬಸ್ ಸ್ಟ್ಯಾಂಡಿನಲ್ಲಿ ಕೇಳುವ ಪ್ರಶ್ನೆ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನೇಕಾರರ ಮಗ್ಗಗಳು ಇನ್ನೂ ಸದ್ದು ಶುರು ಮಾಡಿಲ್ಲ. ನಾಹೀದಾ ಆಗಲೇ ಫ್ರಿಜ್ಜಿನ ಬಾಗಿಲು ತೆಗೆದು, ಹಾಲಿನ ಪಾಕೀಟು ಪಕ್ಕಕ್ಕೆ ಸರಿಸಿ, ಐಸಿನ ಚೀಲಗಳನ್ನು ನೀಲಿ ಡಬ್ಬಿಗೆ ತುಂಬುತ್ತಿದ್ದಾರೆ. ಗಂಡ ರಫೀ ಚಹಾ ಕಾಸಿ ತಂದು ಕೈಗಿಡುತ್ತಾರೆ. "ಈ ಫ್ರಿಜ್ಜಿನ್ಯಾಗ ನಮ್ಮ ಪಲ್ಯಾಕ್ಕ ಜಾಗಾನ ಇಲ್ಲ ನೋಡ್ರಿ" ಅನ್ನುವುದು ಅವರ ಮುಗಿಯದ ದೂರು. ದೂರುತ್ತಲೇ ಡಬ್ಬಿಯನ್ನು ಗಾಡಿಗೆ ಕಟ್ಟಿ ಹೆಂಡತಿಯನ್ನು ಕೊಪ್ಪಳದ ಬಸ್ ಸ್ಟ್ಯಾಂಡಿಗೆ ಬಿಟ್ಟುಬರುವವರೂ ಅವರೇ.

ನಾಹೀದಾ ರಕ್ತ ತೆಗೆಯುವ ಹೆಣ್ಣುಮಗಳು. ಕೊಪ್ಪಳದ ಒಂದು ಸಣ್ಣ ಲ್ಯಾಬಿಗಾಗಿ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ಬಸ್ಸಿನಲ್ಲೇ ಹೋಗಿ, ಮನೆಮನೆಯಲ್ಲಿ ರಕ್ತ ತೆಗೆದು, ಬಿಸಿಲೇರುವುದರೊಳಗೆ ಹಿಂದಿರುಗುತ್ತಾರೆ. ದಿನಕ್ಕೆ ಹದಿನೈದು, ಇಪ್ಪತ್ತು ತೋಳು. ಕರಿಮಣ್ಣಿನ ದಾರಿಯಲ್ಲಿ ಬಸ್ಸು ಎಷ್ಟೇ ಕುಲುಕಲಿ, ಡಬ್ಬಿ ಮಾತ್ರ ತೊಡೆ ಬಿಟ್ಟು ಇಳಿಯುವುದಿಲ್ಲ. ಮದುವೆಯಾದ ಮೇಲೆ ಕಲಿತ ಕೆಲಸ ಇದು. ಅತ್ತೆ ಸರ್ದಾರಬೀ ಎಳೆಗೂಸನ್ನು ಮಡಿಲಲ್ಲಿ ಹಾಕಿಕೊಂಡು ಸೊಸೆಯನ್ನು ತರಗತಿಗೆ ಕಳಿಸಿದ್ದರಂತೆ. ಅದನ್ನು ಹೇಳುವಾಗ ಈಗಲೂ ನಾಹೀದಾರ ದನಿ ಮೆತ್ತಗಾಗುತ್ತದೆ.

ಇವರದೊಂದು ಪದ್ಧತಿ ಇದೆ. ಹರೆಯದ ಸೊಸೆಯಂದಿರ ರಕ್ತ ತೆಗೆದ ಮೇಲೆ, "ಬಾರವ್ವಾ, ನನ್ನ ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬಾ" ಎಂದು ಕರೆದೊಯ್ಯುತ್ತಾರೆ. ಮನೆಯೊಳಗೆ ಕೇಳಿದರೆ ನಿಜ ಉತ್ತರ ಸಿಗದ ಪ್ರಶ್ನೆಯನ್ನು ಅಲ್ಲಿ ಕೇಳುತ್ತಾರೆ: ಬಸುರೇನು? "ಮೂರು ತಿಂಗಳು ತುಂಬೂ ತನಕ ಬಸಿರಿನ ಸುದ್ದಿ ಬಾಯಾಗ ತರಂಗಿಲ್ರಿ ಇಲ್ಲೆ. ಕಣ್ಣ ಬೀಳ್ತೈತಿ ಅಂತಾರ. ನಮ್ಮ ಮಂದ್ಯಾಗೂ ಹಂಗ ಐತಿ. ತಪ್ಪಂತ ನಾ ಅನ್ನಂಗಿಲ್ಲ. ಆದ್ರ ರಕ್ತಕ್ಕ ಮುಚ್ಚಿಡಾಕ ಬರಂಗಿಲ್ಲಲ್ರಿ" ಎನ್ನುತ್ತಾರೆ.

ಒಂದೇ ಒಂದು ಸಲ ಈ ಪದ್ಧತಿ ತಪ್ಪಿತ್ತು. ಹೋದ ವರ್ಷ ಯಲಬುರ್ಗಾ ಹತ್ತಿರದ ಹಳ್ಳಿಯೊಂದರಲ್ಲಿ ಹೊಳಿಯಮ್ಮ ಎಂಬ ಸೊಸೆಗೆ ಎದೆ ಬಡಿತ, ಸುಸ್ತು, ತಿಂದದ್ದು ನಿಲ್ಲದ ವಾಂತಿ. ಕೊಪ್ಪಳದ ಡಾಕ್ಟರ್ ಶಾಂತಕುಮಾರ ಥೈರಾಯ್ಡ್ ಪರೀಕ್ಷೆ ಬರೆದಿದ್ದರು. ಬಸುರೇನು ಎಂದು ಅವರು ಕೇಳಿದಾಗಲೂ, ರಕ್ತ ತೆಗೆಯುವಾಗ ನಾಹೀದಾ ಕೇಳಿದಾಗಲೂ ಅತ್ತೆ ಶರಣಬಸಮ್ಮನೇ ಉತ್ತರ ಕೊಟ್ಟರು: "ಅಂಥಾದ್ದೇನಿಲ್ಲ ಬಿಡ್ರಿ." ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿ ನಾಹೀದಾ ಒಬ್ಬರೇ ಓಡಿದರು.

ಮರುದಿನ ಫಲಿತಾಂಶ ಬಂತು. ಹಾರ್ಮೋನಿನ ಒಟ್ಟು ಪ್ರಮಾಣ ಏರಿತ್ತು. ಥೈರಾಯ್ಡ್ ಜೋರಾಗಿರಬಹುದು, ತಗ್ಗಿಸುವ ಗುಳಿಗೆ ಶುರು ಮಾಡೋಣ ಎಂದರು ಡಾಕ್ಟರು. ಆ ವಾಂತಿ ಬಸುರಿನದೇ ಇರಬಹುದೇ ಎಂಬ ಅನುಮಾನ ನಾಹೀದಾರನ್ನು ಬಿಡಲಿಲ್ಲ. ಹೊಳಿಯಮ್ಮನಿಗೆ ಹಿಂದೆ ಎರಡು ಸಲ ಬಸಿರು ಇಳಿದುಹೋದದ್ದು ಊರಿಗೆಲ್ಲ ಗೊತ್ತಿತ್ತು. ಗುಳಿಗೆ ಕೈಸೇರುವ ಮೊದಲೇ ಮತ್ತೆ ಹಳ್ಳಿಗೆ ಹೋದರು; ಈ ಸಲ ಅವಳನ್ನು ಬಸ್ ಸ್ಟ್ಯಾಂಡಿಗೆ ಕರೆತಂದರು.

ಬೇವಿನ ಮರದ ಕೆಳಗೆ ಹೊಳಿಯಮ್ಮ ಸೆರಗಿನ ತುದಿ ತಿರುವುತ್ತಾ ನಿಂತಳು. "ಎರಡು ತಿಂಗಳಾತ್ರಿ ಅಕ್ಕಾರ, ಮುಟ್ಟು ನಿಂತು. ನಿಮ್ಮ ಕಾಲ ಬೀಳ್ತೀನಿ, ಯಾರ ಮುಂದೂ ಹೇಳಬ್ಯಾಡ್ರಿ. ಈ ಸಲಾರ ಉಳೀಲಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟಾಯಿತು. ಹೇಳದಿದ್ದರೆ ಗುಳಿಗೆ ಹೊಟ್ಟೆಗೆ ಹೋಗುತ್ತದೆ. ನಾಹೀದಾ ಡಾಕ್ಟರಿಗೆ ಫೋನು ಹಚ್ಚಿ, ಅದನ್ನು ಅವಳ ಕಿವಿಗೇ ಹಿಡಿದರು. "ನಾ ಹೇಳಂಗಿಲ್ಲವ್ವಾ. ನೀನ ಹೇಳು. ಇದು ನಿಮ್ಮ ಮನಿ ಅಲ್ಲ, ಬಸ್ ಸ್ಟ್ಯಾಂಡು." ಹೊಳಿಯಮ್ಮ ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ಹೇಳಿದಳು.

ಡಾಕ್ಟರು ಗುಳಿಗೆ ನಿಲ್ಲಿಸಿದರು. ಬೇರೊಂದು ಪರೀಕ್ಷೆ ಮಾಡಿಸಲು ಹೇಳಿದರು. ಯಾಕೆಂದು ಅಂದು ನಾಹೀದಾರನ್ನು ಕೂರಿಸಿಕೊಂಡು ತಿಳಿಸಿದರು. ಅದನ್ನು ನಾಹೀದಾ ಈಗ ಹಳ್ಳಿಯ ಹೆಂಗಸರಿಗೆ ತಮ್ಮದೇ ಧಾಟಿಯಲ್ಲಿ ಹೇಳುತ್ತಾರೆ.

"ಕುತ್ತಿಗ್ಯಾಗಿನ ಥೈರಾಯ್ಡ್ ಗ್ರಂಥಿ ಹಾರ್ಮೋನು ಮಾಡ್ತೈತಿ. ಅದಕ್ಕ ರಕ್ತದಾಗ ಒಬ್ಬಂಟಿ ಅಡ್ಡ್ಯಾಡಾಕ ಬರಂಗಿಲ್ಲ, ಬಸ್ ಬೇಕು. ಆ ಬಸ್ ಮಾಡಿ ಬಿಡಾಕಿ ನಮ್ಮ ಪಿತ್ತಜನಕಾಂಗ, ಲಿವರ್ ಅಂತೀವಲ್ಲ, ಅದು. ಅಲ್ಬುಮಿನ್ ಅನ್ನೂ ಬಸ್ ಭಾಳ ಅದಾವ, ಆದ್ರ ಹಿಡಿತ ಸಡಿಲ. ಹತ್ತೋದು, ಇಳಿಯೋದು ನಡದಿರ್ತೈತಿ. ಇನ್ನೊಂದು ಥರಾ ಬಸ್ ಕಡಿಮಿ, ಆದ್ರ ಹೆಚ್ಚಿನ ಮಂದಿನ್ನ ಬಿಗಿಯಾಗಿ ಹಿಡದು ಒಯ್ಯೋದು ಅದ. ಇವೆಲ್ಲಾ ಪ್ರೋಟೀನು. ಬಸ್ಸಿನ್ಯಾಗ ಕುಂತವರು ಕೆಲಸ ಮಾಡಂಗಿಲ್ಲ. ಕೆಳಗ ಇಳದ ನಾಕು ಮಂದೀನ ಮಾಡೋದು."

ಬಸುರಿನಲ್ಲಿ ಆ ಬಿಗಿ ಹಿಡಿತದ ಬಸ್ಸುಗಳು ಹೆಚ್ಚುತ್ತವೆ; ರಸ್ತೆಯ ಮೇಲೆ ಹೆಚ್ಚು ದಿನ ಓಡಾಡಿಕೊಂಡೂ ಇರುತ್ತವೆ. ಹಾಗಾಗಿ ಕುಳಿತವರ ಲೆಕ್ಕ ಸೇರಿ ಒಟ್ಟು ಪ್ರಮಾಣ ಏರಿದಂತೆ ಕಾಣುತ್ತದೆ. ಇಳಿದವರನ್ನಷ್ಟೇ ಅಳೆಯುವ ಪರೀಕ್ಷೆ ಮಾಡಿಸಿದಾಗ ಹೊಳಿಯಮ್ಮನ ಫಲಿತಾಂಶ ಸರಿಯಾಗಿಯೇ ಇತ್ತು. ರೋಗವಿಲ್ಲದೆ ಆ ಗುಳಿಗೆ ನುಂಗಿದ್ದರೆ ಹೊಟ್ಟೆಯ ಕೂಸಿಗೆ ಅಪಾಯವಿತ್ತು. "ಪಾಪ, ಲಿವರ್ ಸುಮ್ಮನ ತನ್ನ ಕೆಲಸ ಮಾಡಿತ್ತು. ನಾವ ಅದನ್ನ ರೋಗ ಅಂತ ತಿಳದು ಥೈರಾಯ್ಡ್ ಮ್ಯಾಲ ಕಳ್ಳತನ ಹೊರಸಾಕ ಹೊಂಟಿದ್ವಿ" ಎಂದು ನಗುತ್ತಾರೆ ನಾಹೀದಾ. ಬಸ್ ಹತ್ತಿ ರಕ್ತ ಹೊತ್ತು ತಿರುಗುವ ಇವರಿಗೆ ಲಿವರ್ ಮೇಲೆ ಅಕ್ಕರೆ ಹುಟ್ಟದೆ ಇರುತ್ತದೆಯೇ?

ಹೊಳಿಯಮ್ಮನ ಮಗಳಿಗೆ ಈಗ ಅಂಬೆಗಾಲು. ಇವತ್ತು ನಾಹೀದಾ ಅದೇ ಹಳ್ಳಿಗೆ ಬಂದಿದ್ದಾರೆ. ಶರಣಬಸಮ್ಮನ ಸಣ್ಣ ಸೊಸೆ ರೇಣುಕಾಳ ರಕ್ತ ತೆಗೆಯಬೇಕು. ಕೂಸು ನೀಲಿ ಡಬ್ಬಿಯನ್ನೇ ಹಿಡಿದು ಎದ್ದು ನಿಲ್ಲಲು ನೋಡುತ್ತದೆ. "ಏನಾರ ಆಸೆ ಐತೇನ್ರಿ ನಿಮಗ?" ಎಂದು ಹೊಳಿಯಮ್ಮ ಕೇಳಿದರೆ ನಾಹೀದಾ ಕೂಸಿನ ಕೈ ಬಿಡಿಸುತ್ತಾ ಹೇಳುತ್ತಾರೆ: "ಭಾಳ ದೊಡ್ಡದೇನಿಲ್ಲವ್ವಾ. ಒಬ್ರಾರ ನಾ ಕೇಳೂಕಿಂತ ಮೊದ್ಲ ಹೇಳ್ಬೇಕು. ಅಷ್ಟ."

ಕೆಲಸ ಮುಗಿಸಿ ಹೊರಡುವಾಗ ರೇಣುಕಾಳನ್ನು ಕರೆಯಲು ತಿರುಗುತ್ತಾರೆ. ಆದರೆ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿದವರು ಶರಣಬಸಮ್ಮ. ಬೇವಿನ ಮರದ ಕೆಳಗೆ ಬಂದು ನಿಂತು, ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಕೈ ಮುಂದೆ ಚಾಚುತ್ತಾರೆ.

"ಡಾಕ್ಟರಿಗೆ ಫೋನ್ ಹಚ್ಚಿ ಕೊಡವಾ. ರೇಣುಕಾನ ಸುದ್ದಿ ಈ ಸಲ ನಾನ ಹೇಳ್ತೀನಿ."

ಕೊಪ್ಪಳದ ಬಸ್ಸು ಬಂದು ನಿಂತು, ಹಾರ್ನ್ ಹೊಡೆದು, ಹೊರಟುಹೋಗುತ್ತದೆ. ನಾಹೀದಾ ಅದರತ್ತ ತಿರುಗಿಯೂ ನೋಡುವುದಿಲ್ಲ.