ಸೂರ ಹಿಡಿಯುವವರು ಮತ್ತು ನನ್ನ ಪ್ಲಗಿನ್ನುಗಳು

ನನ್ನ ಲ್ಯಾಪ್‌ಟಾಪಿನಲ್ಲಿ ಆಗ ಅರವತ್ತಕ್ಕೂ ಹೆಚ್ಚು ವಾದ್ಯಗಳಿದ್ದವು; ನಾನು ಬಳಸುತ್ತಿದ್ದದ್ದು ನಾಲ್ಕೋ ಐದೋ. ಪುಕ್ಕಟೆ ಸಿಗುತ್ತದೆಂದರೆ ಸಾಕು, ಇಳಿಸಿಕೊಂಡುಬಿಡುವ ಚಟ ನನ್ನದು. ಇವನ್ನು ಪ್ಲಗಿನ್ ಎನ್ನುತ್ತಾರೆ. ಹಾಡು ಜೋಡಿಸುವ ಸಾಫ್ಟ್‌ವೇರಿನೊಳಗೆ ಕೂತಿರುತ್ತವೆ. ಕೀಬೋರ್ಡಿನ ಒಂದು ಮನೆ ಒತ್ತಿದರೆ ಕೊಳಲನ್ನೋ ಪಿಟೀಲನ್ನೋ ಯಾರೂ ಕೇಳಿರದ ಯಾವುದೋ ನಾದವನ್ನೋ ಹೊರಡಿಸುತ್ತವೆ. ಗೋಕಾಕದ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ನಾನು ರವಿವಾರಗಳಲ್ಲಿ ಮನೆಯ ಮಾಳಿಗೆಯ ಮೇಲೆ ಭಜನಾ ಮಂಡಳಿಗಳ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಬಂದ್ ಮಾಡಿಸಿ, ಬಂದವರಿಗೆಲ್ಲ ಬೆವರಿಳಿಸುತ್ತೇನೆ.

ಅಂಥ ಒಂದು ಮಧ್ಯಾಹ್ನ ಕುಲಗೋಡದಿಂದ ಬಸ್ಸು ಹಿಡಿದು ಇಬ್ಬರು ಅಣ್ಣತಮ್ಮಂದಿರು ಬಂದರು. ಇಬ್ಬರೂ ಅರವತ್ತು ದಾಟಿದವರು, ಮದುವೆಗಳಲ್ಲಿ ವಾಜಂತ್ರಿ ನುಡಿಸುವವರು. ಅಣ್ಣ ಸನಾದಿಯಲ್ಲಿ ಹಾಡು ಊದುತ್ತಾರೆ. ತಮ್ಮ ಇನ್ನೊಂದು ಸನಾದಿಯಲ್ಲಿ ಒಂದೇ ಸ್ವರವನ್ನು ಎಳೆದು ಹಿಡಿದಿರುತ್ತಾರೆ. ಅದಕ್ಕೆ ಸೂರ ಹಿಡಿಯುವುದು ಎನ್ನುತ್ತಾರೆ. ಗಲ್ಲ ಉಬ್ಬಿಸಿ, ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಲೇ ಬಾಯಿಂದ ಊದುತ್ತಿರಬೇಕು; ಹಾಡು ಮುಗಿಯುವ ತನಕ ಸ್ವರ ಕಡಿಯಬಾರದು. ಮದುವೆಯ ವಿಡಿಯೋದವರು ಅಣ್ಣನನ್ನಷ್ಟೇ ತೆಗೆಯುತ್ತಾರೆ.

"ಇವನ ಪುಪ್ಪಸ ಸೋತಾವ್ರಿ ಅಕ್ಕೋರ," ಎಂದರು ಅಣ್ಣ. "ಇನ್ನ ಊದಿದ್ರ ಜೀವಕ್ಕ ಅಪಾಯ ಐತಿ ಅಂದಾರ ಡಾಕ್ಟರು. ಅಂದ ಮ್ಯಾಲೂ ಎರಡ ಮದವಿಯೊಳಗ ಊದಿದಾ. ಎರಡನೇ ಸಲ ಮಂಟಪದಿಂದ ಸೀದಾ ದವಾಖಾನಿಗೆ ಒಯ್ದೇವಿ. ನಿಮ್ಮ ಕಂಪ್ಯೂಟರದಾಗ ಸೂರ ಸಿಗತೈತೇನ್ರಿ?"

"ಯಾಕ ಊದಿದ್ರಿ ಕಾಕಾ?" ಎಂದು ನಾನು ತಮ್ಮನ ಕಡೆ ತಿರುಗಿದೆ.

"ಅಣ್ಣ ಒಬ್ಬನ ಊದಿದ್ರ ಬತ್ತಲಿ ಕೇಳಸತೈತ್ರಿ. ನನಗ ತಡಿಯಾಕ ಆಗೂದುಲ್ಲ."

ಅವರ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು. ಅದರೊಳಗೆ ಆಗಲೂ ಅವರ ಸನಾದಿ ಇತ್ತು.

ನನಗೋ ಒಳಗೊಳಗೇ ಖುಷಿ. ಕೂಡಿಹಾಕಿದ ಸಂಸಾರವನ್ನೆಲ್ಲ ತೋರಿಸಲು ಕೊನೆಗೂ ಯಾರೋ ಸಿಕ್ಕರು. ಯಾವ ಸ್ವರ ಎಂದು ಕೇಳಿದೆ. "ಕರಿ ಎರಡು" ಎಂದರು; ಹಾರ್ಮೋನಿಯಂ ಪೇಟಿಯ ಎರಡನೆಯ ಕರಿಮನೆ. ಆ ಮನೆಯ ಮೇಲೆ ಬೆರಳಿಟ್ಟು ಒಂದೊಂದೇ ಪ್ಲಗಿನ್ ತೆರೆದೆ. ಮೊದಲನೆಯದು ಸನಾದಿಯದೇ ಎಂದು ಹೇಳಿಕೊಳ್ಳುವ ವಿದೇಶಿ ಸರಕು. ಅಣ್ಣ ಕೇಳಿ, "ಇದಕ್ಕ ನೆಗಡಿ ಆಗೇತಿ" ಎಂದರು. ಎರಡನೆಯದು ಕೊಳಲಿನಂತೆ ಮೆತ್ತಗಿತ್ತು. ಮದುವೆಯಲ್ಲಿ ಜೊತೆಗೆ ಸಂಬಾಳದ ಜೋಡಿ ನಗಾರಿ ಬಾರಿಸಿದರೆ ಅದು ಎಲ್ಲಿ ಕೇಳಿಸಬೇಕು! ಮೂರನೆಯದಕ್ಕೆ ನಾನು, "ಇದು ಪ್ಯಾಡ್ ಐತ್ರಿ, ಭಾಳ ಚಂದ" ಎಂದೆ. ತಮ್ಮ ಗಾಬರಿಯಾಗಿ ಕೈ ಆಡಿಸಿದರು.

"ಪ್ಯಾಡ್ ಬ್ಯಾಡ್ರಿ ಅಕ್ಕೋರ. ನಮಗ ಸಂಬಾಳದಾಂವ ಅದಾನ. ಅವನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?"

ನಮ್ಮ ಕಡೆ ಪ್ಯಾಡ್ ಎಂದರೆ ಆರ್ಕೆಸ್ಟ್ರಾದವರು ಕೋಲಿನಿಂದ ಬಡಿಯುವ ತಾಳದ ಪೆಟ್ಟಿಗೆ. ನಾನು ಹೇಳಿದ್ದು ಉದ್ದಕ್ಕೆ ಹರಡುವ ನಾದಕ್ಕೆ ಪ್ಲಗಿನ್ನಿನವರು ಇಟ್ಟ ಹೆಸರು. ನಕ್ಕು ತಿಳಿಸಿ ಹೇಳಿದೆ. ಅವರು ನಗಲಿಲ್ಲ. ಯಂತ್ರ ಬಂದರೆ ಯಾರದೋ ಜಾಗ ಹೋಗುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಅದು ತನ್ನ ಜಾಗ ಎಂಬುದೂ ಗೊತ್ತಿತ್ತು. ನನಗೆ ಆ ಹೊತ್ತಿಗೆ ಹೊಳೆದಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇಪ್ಪತ್ತು ಪ್ಲಗಿನ್ ಮುಗಿದವು. ಕೊನೆಗೆ ಎಂದೋ ಇಳಿಸಿಕೊಂಡು ಮರೆತಿದ್ದ ಒಂದು ಹಳೆಯ ಸಿಂಥಸೈಜರ್ ತೆರೆದೆ. ಬೂದು ಬಣ್ಣದ ಮುಖ, ಆರು ಗುಂಡಿ, ಚಂದವೆಂಬುದೇ ಇಲ್ಲ. ಎರಡು ಒರಟು ನಾದಗಳನ್ನು ಕೂಡಿಸಿ, ಒಂದರ ಸ್ವರವನ್ನು ಕೂದಲೆಳೆಯಷ್ಟು ಸರಿಸಿದೆ. ನಾದ ಮೆಲ್ಲಗೆ ಅಲುಗತೊಡಗಿತು. ತಮ್ಮನ ಕಣ್ಣುಗಳು ಮುಚ್ಚಿದವು. ನೋಡುತ್ತೇನೆ, ಅವರ ಗಲ್ಲಗಳು ತಾವಾಗಿಯೇ ಉಬ್ಬಿವೆ.

"ಇದು ಇರ್ಲಿ," ಎಂದರು. "ಇದಕ್ಕ ಉಸಿರ ಐತಿ."

ಗೆದ್ದೆ ಅಂದುಕೊಂಡು ನಾನು ದೊಡ್ಡ ಮನಸ್ಸು ಮಾಡಿ ಹೇಳಿದೆ, "ಒಂದ ಸಲ ಒತ್ತಿ ಲಾಕ್ ಮಾಡಿ ಕೊಡತೇನ್ರಿ ಕಾಕಾ. ತಾನ ನಡೀತಿರತೈತಿ. ನೀವು ಆರಾಮ ಮನ್ಯಾಗ ಇರಬಹುದು."

ತಮ್ಮನ ಕೈ ಚೀಲದ ದಾರವನ್ನು ಬಿಚ್ಚುವುದು, ಕಟ್ಟುವುದು ಮಾಡತೊಡಗಿತು. ಆಗ ನನಗೆ ತಿಳಿಯಿತು. ನಾಲ್ವತ್ತು ವರ್ಷ ಅಣ್ಣನ ಬಾಜೂ ಕೂತ ಮನುಷ್ಯನನ್ನು ಒಂದು ಗುಂಡಿ ಒತ್ತಿ ಎಬ್ಬಿಸಿ ಕಳಿಸುತ್ತಿದ್ದೇನೆ, ಅದೂ ಉಪಕಾರದ ಹೆಸರಿನಲ್ಲಿ. ಮಾತು ತಿರುಗಿಸಲು, ಒಮ್ಮೆ ಕೂಡಿಸಿ ಊದಿ ನೋಡೋಣವೆಂದೆ.

ಅಣ್ಣ ಊದಿದರು. ಮೊದಲು ಸೊಗಸಾಗಿ ಕೂಡಿತು. ಐದು ನಿಮಿಷಕ್ಕೆ ಏನೋ ಕಚ್ಚತೊಡಗಿತು. ಊದುತ್ತ ಊದುತ್ತ ಸನಾದಿ ಬಿಸಿಯಾಗುತ್ತದೆ, ಸ್ವರ ಸ್ವಲ್ಪ ಏರುತ್ತದೆ. ನನ್ನ ಯಂತ್ರ ಮಾತ್ರ ಕರಿ ಎರಡಕ್ಕೇ ಗೂಟ ಹೊಡೆದು ನಿಂತಿತ್ತು. ತಮ್ಮ ತಡೆಯಲಾರದೆ, "ಏರಸ್ರಿ, ಏರಸ್ರಿ, ಅಣ್ಣ ಮ್ಯಾಲ ಹ್ವಾದಾ" ಎಂದು ಕೂಗಿದರು. ಇಷ್ಟು ವರ್ಷ ಅವರು ತುಟಿಯಲ್ಲೇ ಅದನ್ನು ಸರಿಮಾಡುತ್ತ ಬಂದಿದ್ದರು. ಅಣ್ಣನಿಗೂ ತಾನು ಏರುವುದು ಗೊತ್ತಿರಲಿಲ್ಲ.

ನನ್ನ ಕೀಬೋರ್ಡಿನ ಎಡಕ್ಕೆ, ತಿರುಗಿಸಿದಲ್ಲೇ ನಿಲ್ಲುವ ಸಣ್ಣ ಗಾಲಿಯೊಂದಿತ್ತು. ಸ್ವರ ಏರಿಸುವ ಕೆಲಸವನ್ನು ಅದಕ್ಕೆ ಒಪ್ಪಿಸಿ, ಕೀಬೋರ್ಡನ್ನು ತಮ್ಮನ ಮುಂದೆ ತಳ್ಳಿದೆ. ಒಂದು ಕೈ ಕರಿಮನೆಯ ಮೇಲೆ, ಒಂದು ಕೈ ಗಾಲಿಯ ಮೇಲೆ. ಅಣ್ಣ ಮತ್ತೆ ಊದಿದರು. ತಮ್ಮನ ಹೆಬ್ಬೆರಳು ಗಾಲಿಯನ್ನು ಕಾಣದಷ್ಟು ಕಾಣದಷ್ಟು ಸರಿಸುತ್ತ ಹಿಂದೆಯೇ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಫ್ಯಾನ್ ಬಂದ್ ಇದ್ದುದರಿಂದ ಬೆವರಿನ ಲೆಕ್ಕಕ್ಕೆ ಹೋಯಿತು. ಲಾಕ್ ಮಾಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಬೂದು ಸಿಂಥಸೈಜರನ್ನು ನನ್ನ ಹಳೆಯ ಲ್ಯಾಪ್‌ಟಾಪೊಂದಕ್ಕೆ ಹಾಕಿ, ಅದನ್ನೂ ಆ ಕೀಬೋರ್ಡನ್ನೂ ಅವರಿಗೇ ಕೊಟ್ಟು ಕಳಿಸಿದೆ.

ಹದಿನೈದು ದಿನಕ್ಕೆ ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ ಅವರಿಗೊಂದು ಮದುವೆ ಸಿಕ್ಕಿತು. "ನೀವೂ ಬರ್ರಿ ಅಕ್ಕೋರ" ಎಂದು ಕರೆದರು. ನನ್ನ ಕೈಚಳಕವನ್ನು ನಾನೇ ನೋಡುವ ಆಸೆಯಿಂದ ಹೋದೆ. ಮಂಟಪದ ಬಾಜೂ ಅಣ್ಣ, ತಮ್ಮ, ಸಂಬಾಳದವರು ಕೂತಿದ್ದರು. ಧ್ವನಿವರ್ಧಕಕ್ಕೆ ವೈರು ಸಿಕ್ಕಿಸಿಯಾಗಿತ್ತು. ಬೆಳಗಿನಿಂದ ಒಂದು ತಪ್ಪಿಲ್ಲ. ಬೀಗರೊಬ್ಬರು ಬಂದು, ಇದೇನು ಪೆಟ್ಟಿಗೆ ಎಂದು ಕೇಳಿದರೆ ತಮ್ಮ, "ಸನಾದಿ ಐತ್ರಿ, ಊದೂದಷ್ಟ ಬ್ಯಾಡ" ಎಂದು ಗತ್ತಿನಿಂದ ಹೇಳುತ್ತಿದ್ದರು. ಚೀಲ ಮಾತ್ರ ಅಲ್ಲಿಯೂ ಅವರ ಮಗ್ಗುಲಲ್ಲೇ ಇತ್ತು.

ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಜನರೇಟರಿನವನು ಊಟಕ್ಕೆ ಕೂತಿದ್ದ. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಧ್ವನಿವರ್ಧಕಕ್ಕೆ ಇರಲಿಲ್ಲ. ಅರವತ್ತು ವಾದ್ಯ ಕೂಡಿಹಾಕಿದ ಜಾಣೆಗೆ ಇಷ್ಟು ಹೊಳೆದಿರಲಿಲ್ಲ. ಜನರ ಕೈಯಲ್ಲಿ ಅಕ್ಕಿಕಾಳು, "ವಾಜಂತ್ರಿ! ವಾಜಂತ್ರಿ!" ಎಂಬ ಕೂಗು. ಅಣ್ಣ ಸೂರವಿಲ್ಲದೆಯೇ ಊದಲು ಹಿಡಿದರು. ಒಂದು ಸಾಲು ಮುಗಿದಿರಲಿಕ್ಕಿಲ್ಲ, ತಮ್ಮನ ಕೈ ಚೀಲದೊಳಗೆ ಹೋಯಿತು.

ಅಣ್ಣ ಊದುವುದನ್ನು ನಿಲ್ಲಿಸಿಬಿಟ್ಟರು. ತುಂಬಿದ ಮಂಟಪದಲ್ಲಿ, ಸರಿಯಾಗಿ ಆ ಗಳಿಗೆಯಲ್ಲಿ, ಸನಾದಿಯನ್ನು ಬಾಯಿಂದ ತೆಗೆದು ನೆಲದ ಮೇಲಿಟ್ಟು, ತಮ್ಮನ ಮಣಿಕಟ್ಟು ಹಿಡಿದರು. ಬರೀ ಸಂಬಾಳದ ಸದ್ದಿನಲ್ಲಿ ಅಕ್ಕಿಕಾಳು ಬಿದ್ದವು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು ಬಾಯಿಗೆ ಬಂದಂತೆ ಬೈದರು. ಅಣ್ಣ ಒಂದೇ ಕೈ ಎದೆಗಿಟ್ಟು, "ತಪ್ಪಾತ್ರಿ" ಎಂದರು. ಇನ್ನೊಂದು ಕೈ ಬಿಡಲಿಲ್ಲ.

"ಊದಣ್ಣಾ," ತಮ್ಮ ಗೋಗರೆದರು, "ನಿನ್ನಾಣಿ, ನಾ ಊದಂಗಿಲ್ಲ."

"ಊದತಿ. ನನಗ ಗೊತ್ತೈತಿ," ಎಂದರು ಅಣ್ಣ. "ಲೈಟ್ ಬರೂತನ ಇಬ್ರೂ ಸುಮ್ನ ಕುಂದ್ರೂಣು."